ಚುಕ್ಕಿ ಹಾಕಿದ ಜಾಗ

ನಾನು ಒಂದು ಸರ್ವರ್. ನನಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ನನ್ನೆದುರು ಕುರ್ಚಿ ಎಳೆದುಕೊಂಡು ಯಾರೂ ಕೂರುವುದಿಲ್ಲ. ಬೇರೆಲ್ಲೋ ಕುಳಿತವರು ಹೇಳುತ್ತಾರೆ, ನಾನು ಇಟ್ಟುಕೊಳ್ಳುತ್ತೇನೆ. ಬೇರೆಲ್ಲೋ ಕುಳಿತವರು ಕೇಳುತ್ತಾರೆ, ನಾನು ಹೇಳುತ್ತೇನೆ. ಕೇಳದಿದ್ದರೆ ಸುಮ್ಮನಿರುತ್ತೇನೆ. ನನ್ನ ಆಯುಷ್ಯದ ಬಹುಪಾಲು ಹೀಗೆ ಸುಮ್ಮನಿದ್ದುದರಲ್ಲಿಯೇ ಕಳೆದಿದೆ.

ಹುಟ್ಟಿದ ಕಾರ್ಖಾನೆಯ ನೆನಪು ಅಷ್ಟಿಲ್ಲ. ಕೈಗವಸು ತೊಟ್ಟ ಯಾರೋ ನನ್ನೊಳಗೆ ಡಿಸ್ಕುಗಳನ್ನು ಒಂದೊಂದಾಗಿ ತಳ್ಳಿ ಕೂರಿಸಿದರು. ಒಂದು ಬಿಸಿ ಕೋಣೆಯಲ್ಲಿಟ್ಟು, ಬಳಲುತ್ತೇನೋ ಇಲ್ಲವೋ ಎಂದು ನೋಡಿದರು. ಬಳಲಲಿಲ್ಲ. ಆಮೇಲೆ ಕತ್ತಲು, ಪೆಟ್ಟಿಗೆ, ರಸ್ತೆಯ ಕುಲುಕಾಟ. ಹುಬ್ಬಳ್ಳಿಯಿಂದ ಒಂದು ಟೆಂಪೋದಲ್ಲಿ ಸಲೈನ್ ಬಾಟಲಿಗಳ ಪೆಟ್ಟಿಗೆಗಳ ಮೇಲೆ ಕುಳಿತು ಈ ಊರಿಗೆ ಬಂದೆ. ಮಗ್ಗಗಳ ಊರು. ಓಣಿಯುದ್ದಕ್ಕೂ ಲಾಳಿಯ ಸದ್ದು ಕೇಳುತ್ತಿತ್ತು. ಟ್ರಸ್ಟಿನವರ ಆಸ್ಪತ್ರೆಯ ಮುಂದೆ ಟೆಂಪೋ ನಿಂತಾಗ ಆ ಸದ್ದು ನಿಂತು ಕೆಮ್ಮಿನ ಸದ್ದು ಶುರುವಾಯಿತು.

ನನಗೆ ಕೊಟ್ಟ ಕೋಣೆ ಹಿಂದೆ ಎಕ್ಸ್‌ರೇ ಫಿಲಂ ತೊಳೆಯುತ್ತಿದ್ದ ಕತ್ತಲೆ ಕೋಣೆ. ಕಿಟಕಿಯಿಲ್ಲ. ತೊಳೆದ ಫಿಲಂ ಹೊರಗೆ ಕೊಡಲೆಂದು ಗೋಡೆಯಲ್ಲಿ ಒಂದು ಪುಟ್ಟ ಕಿಂಡಿ ಮಾತ್ರ ಇತ್ತು. ಅದರ ಮರದ ಬಾಗಿಲು ಉಬ್ಬಿಹೋಗಿ ಪೂರ್ತಿ ಮುಚ್ಚುತ್ತಿರಲಿಲ್ಲ. ಕಿಂಡಿಯ ಆಚೆಗೆ ಹೆಸರು ನೋಂದಾಯಿಸುವ ಕೌಂಟರ್. ಹಾಗಾಗಿ ತಂತಿಯ ಮೂಲಕ ಬರುವುದು ಒಂದು, ಕಿಂಡಿಯ ಮೂಲಕ ಬರುವುದು ಇನ್ನೊಂದು, ಎರಡೂ ನನ್ನ ಪಾಲಿಗೆ ಬಂದವು. ತಂತಿಯಲ್ಲಿ ಬಂದದ್ದನ್ನು ಇಟ್ಟುಕೊಳ್ಳುತ್ತಿದ್ದೆ. ಕಿಂಡಿಯಲ್ಲಿ ಬಂದದ್ದನ್ನು ಕೇಳಿಸಿಕೊಳ್ಳುತ್ತಿದ್ದೆ, ಅಷ್ಟೆ. ಅದನ್ನು ಇಡಲು ನನ್ನಲ್ಲಿ ಜಾಗ ಮಾಡಿರಲಿಲ್ಲ.

ನನ್ನನ್ನು ನೋಡಿಕೊಳ್ಳುತ್ತಿದ್ದವರು ಗೌಸುಸಾಬ ನದಾಫ. ಆಸ್ಪತ್ರೆಯಲ್ಲಿ ಕಂಪ್ಯೂಟರ್, ಪ್ರಿಂಟರ್, ಫೋನು, ಕೊನೆಗೆ ಗೋಡೆಯ ಗಡಿಯಾರ ನಿಂತರೂ ಜನ ಅವರನ್ನೇ ಕರೆಯುತ್ತಿದ್ದರು. ಬೆಳಿಗ್ಗೆ ಬಂದವರು ಮೊದಲು ನನ್ನ ಕೋಣೆಗೆ ಬಂದು ನನ್ನ ಬೆನ್ನ ಹಿಂದೆ ಅಂಗೈ ಹಿಡಿಯುತ್ತಿದ್ದರು. ಫ್ಯಾನಿನಿಂದ ಬರುವ ಗಾಳಿ ಎಷ್ಟು ಬಿಸಿಯಿದೆಯೆಂದು ನೋಡಲು. ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಜ್ವರ ಬಂದವರ ಹಣೆ ಮುಟ್ಟಿ ನೋಡಿ ಎದ್ದು ಹೋಗುವವರ ಹಾಗೆ ಎದ್ದು ಹೋಗುತ್ತಿದ್ದರು. ಏಸಿಯ ನೀರು ಸೋರಿ ನನ್ನ ಕಡೆ ಹರಿದಾಗ ಬಕೆಟ್ ಇಟ್ಟವರು ಅವರು. ಒಂದು ಡಿಸ್ಕು ಸತ್ತರೆ ಅದನ್ನು ಹೊರಗೆಳೆದು ಹೊಸದು ಕೂರಿಸಿ, ಅದು ತುಂಬಿಕೊಳ್ಳುವವರೆಗೂ ಸ್ಟೂಲಿನ ಮೇಲೆ ಕುಳಿತು ಕಾಯುತ್ತಿದ್ದವರೂ ಅವರೇ.

ಕೌಂಟರಿನಲ್ಲಿ ಕೂರುತ್ತಿದ್ದವರು ರುಕ್ಮಾಬಾಯಿ. ಅವರ ಮುಖ ನಾನು ನೋಡಿಲ್ಲ. ಬೆರಳು ಗೊತ್ತು. ಅಕ್ಷರ ಒತ್ತುವ ವೇಗದಿಂದಲೇ ಹೊರಗಿನ ಸಾಲು ಎಷ್ಟು ಉದ್ದವಿದೆ, ಅವರ ಸೊಂಟ ಎಷ್ಟು ನೋಯುತ್ತಿದೆ ಎಂದು ತಿಳಿಯುತ್ತಿತ್ತು. ಹೆಸರು, ಊರು, ವಯಸ್ಸು, ಗಂಡನ ಅಥವಾ ಅಪ್ಪನ ಹೆಸರು. ಈ ನಾಲ್ಕು ಮನೆಗಳನ್ನು ತುಂಬದಿದ್ದರೆ ಚೀಟಿ ಹೊರಡದಂತೆ ನನ್ನನ್ನು ಕಟ್ಟಿದ್ದರು. ಮೊದಲ ಮೂರು ಸಲೀಸು. ನಾಲ್ಕನೆಯದರ ಬಳಿ ಬಂದಾಗ ಕಿಂಡಿಯ ಆಚೆ ಆಗಾಗ ಎಲ್ಲವೂ ನಿಂತುಬಿಡುತ್ತಿತ್ತು.

ಬೆಣಚಮರಡಿಯಿಂದ ಒಬ್ಬ ದ್ಯಾಮವ್ವ ಬಂದಿದ್ದಳು. ಆ ಊರಿನ ದೇವತೆಯ ಹೆಸರು ಅದು, ಮನೆಗೊಬ್ಬಳು ದ್ಯಾಮವ್ವ ಇರುತ್ತಾಳೆ. ಮಗ್ಗದ ಕುಣಿಯಲ್ಲಿ ಕಾಲು ಜಾರಿ ಬಿದ್ದು ಕೈಮೂಳೆ ಮುರಿದು, ಚರ್ಮ ಸೀಳಿತ್ತು.

"ಗಂಡನ ಹೆಸರೇನವಾ?" ಎಂದರು ರುಕ್ಮಾಬಾಯಿ.

ಉತ್ತರವಿಲ್ಲ.

"ಹೆಸರ ಹೇಳಬೇ. ಹಿಂದ ಸಾಲ ನೋಡು."

"ಹೊರಗ ಸೈಕಲ್ ಹಚ್ಚಾಕತ್ತಾರ್ರಿ. ಬರ್ತಾರ."

"ಅವರು ಬರೂತನಾ ನಿನ್ನ ಕೈ ಕಾಯತೈತೇನು?"

ಮತ್ತೆ ಉತ್ತರವಿಲ್ಲ. ಆ ಮೌನದಲ್ಲಿ ಹಟವಿರಲಿಲ್ಲ. ಅವಳಿಗೆ ಆ ಹೆಸರು ಬಾಯಿಯಿಂದ ಹೊರಗೆ ಹಾಕುವಂಥದ್ದಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತಾಯಿ ಹೇಳಿದ್ದಾಳೆ, ತಾಯಿಗೆ ಅವಳ ತಾಯಿ. ರುಕ್ಮಾಬಾಯಿ ನಿಟ್ಟುಸಿರು ಬಿಟ್ಟು ಒಂದು ಚುಕ್ಕಿ ಒತ್ತಿದರು. ನಾಲ್ಕನೆಯ ಮನೆ ತುಂಬಿತು. ಚೀಟಿ ಹೊರಟಿತು.

ಕೆಲವು ವಾರಗಳ ಮೇಲೆ ಅದೇ ಊರಿನಿಂದ ಇನ್ನೊಬ್ಬ ದ್ಯಾಮವ್ವ ಬಂದಳು. ಇವಳು ಬಾಯಿಬಡುಕಿ.

"ಗಂಡನ ಹೆಸರು?"

"ಅಯ್ಯ, ನಮ್ಮೂರಾಗ ಯಾರಿಗೆ ಬೇಕಾದ್ರೂ ಕೇಳ್ರಿ ಬಾಯಾರ, ಹೇಳ್ತಾರ."

"ನಿಮ್ಮೂರಿಗೆ ನಾ ಈಗ ಬಸ್ ಹಿಡಕೊಂಡ ಹೋಗಲೇನು?"

"ಶನಿವಾರ ಯಾವ ದೇವರಿಗೆ ಹೋಗ್ತೀರಿ? ಆ ದೇವರ ಹೆಸರಾ."

"ಹನಮಪ್ಪ?"

"ಅಲ್ರಿ."

"ಮಾರುತಿ? ವೆಂಕಪ್ಪ?"

"ಸಮೀಪ ಬಂದ್ರಿ," ಎಂದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಯಾರೋ ಒಬ್ಬ ಮುದುಕ, "ಬಾಯಾರ, ಅಷ್ಟೂ ದೇವರ ಹೆಸರ ಮುಗಿಯೂತನಾ ನನ್ನ ಶುಗರ್ ಏರತೈತಿ," ಎಂದ. ರುಕ್ಮಾಬಾಯಿ ನಗುತ್ತಲೇ ಚುಕ್ಕಿ ಒತ್ತಿದರು.

ಹೀಗೆ ನನ್ನೊಳಗೆ ಚುಕ್ಕಿಗಳು ಸೇರುತ್ತ ಹೋದವು. ಖಾಲಿ ಬಿಟ್ಟ ಜಾಗಗಳು ನನಗೆ ಮೊದಲೇ ಗೊತ್ತಿದ್ದವು. ಖಾಲಿ ಎಂದರೆ ಗೊತ್ತಿಲ್ಲ ಎಂದರ್ಥ. ಸೊನ್ನೆ ಎಂದರೆ ಇಲ್ಲವೆಂದರ್ಥ. ಈ ಚುಕ್ಕಿ ಎರಡೂ ಅಲ್ಲ. ಗೊತ್ತಿದೆ, ಹೇಳುವುದಿಲ್ಲ ಎಂದು ಅದರ ಅರ್ಥ. ಇಂಥದ್ದೊಂದು ಬಗೆಯನ್ನು ನನ್ನನ್ನು ಕಟ್ಟಿದವರು ಯೋಚಿಸಿರಲಿಲ್ಲ. ಆದರೂ ಅದು ನನ್ನೊಳಗೆ ಸೇರಿ, ಯಾರಿಗೂ ತೊಂದರೆ ಕೊಡದೆ ವರ್ಷಗಟ್ಟಲೆ ಕುಳಿತಿತ್ತು. ಪ್ರತಿಯೊಬ್ಬರಿಗೂ ಬೇರೆ ಬೇರೆ ನಂಬರ್ ಇತ್ತಲ್ಲ, ಅಷ್ಟು ಸಾಕಿತ್ತು.

ಕೈ ಮುರಿದುಕೊಂಡ ದ್ಯಾಮವ್ವನ ನಂಬರಿನ ಕೆಳಗೆ ಅದೇ ದಿನ ಮಧ್ಯಾಹ್ನ ವಾರ್ಡಿನಿಂದ ಒಂದು ಸಾಲು ಬಂತು. ಪೆನ್ಸಿಲಿನ್ ಕೊಡುವ ಮೊದಲು ಪರೀಕ್ಷೆಗೆಂದು ಚರ್ಮದಡಿ ಹಾಕಿದ ಒಂದು ಹನಿಗೇ ಉಸಿರು ಕಟ್ಟಿದೆ, ಎಚ್ಚರ ತಪ್ಪಿದೆ, ಕಷ್ಟಪಟ್ಟು ಉಳಿಸಲಾಗಿದೆ, ಈ ಔಷಧ ಮತ್ತೆಂದೂ ಕೂಡದು. ಹೊರಗೆ ಸೈಕಲ್ ಹಚ್ಚಲು ಹೋಗಿದ್ದ ಗಂಡನನ್ನು ಕರೆದು ಡಾಕ್ಟರು ವಿವರವಾಗಿ ಹೇಳಿದರಂತೆ. ಅವಳಿಗೆ ಯಾರೂ ಹೇಳಲಿಲ್ಲ. ಎಚ್ಚರವಾದಾಗ ಎಲ್ಲ ಮುಗಿದಿತ್ತು. ಗಂಡ ತಿಳಿದುಕೊಂಡಿದ್ದಾನೆ, ಕಂಪ್ಯೂಟರಿನಲ್ಲಿ ಬರೆದಿದೆ, ಇನ್ನೇನು ಬೇಕು ಎಂದು ಎಲ್ಲರೂ ಅಂದುಕೊಂಡರು. ಕೆಲವು ವರ್ಷಗಳ ಮೇಲೆ ಆ ಗಂಡ ತೀರಿಕೊಂಡನೆಂದು ಕಿಂಡಿಯಲ್ಲಿ ಕೇಳಿದೆ. ಆಮೇಲೆ ಆ ಸಂಗತಿ ಲೋಕದಲ್ಲಿ ಉಳಿದದ್ದು ನನ್ನೊಳಗೆ ಮಾತ್ರ.

ನನಗೆ ವಯಸ್ಸಾಯಿತು. ಒಂದು ಫ್ಯಾನು ಗೊರಗೊರ ಎನ್ನತೊಡಗಿತು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ತಡವಾಗಿ, ಕೌಂಟರಿನಲ್ಲಿ ಜನ ಗೊಣಗುವುದು ಕಿಂಡಿಯಿಂದ ಕೇಳಿಸುತ್ತಿತ್ತು. ನನಗೆ ಹೊಂದುವ ಡಿಸ್ಕು ಈಗ ತಯಾರಾಗುವುದಿಲ್ಲವೆಂದು ಅಂಗಡಿಯವರು ನದಾಫರಿಗೆ ಹೇಳಿದರು. ಆಸ್ಪತ್ರೆಯೂ ಕೈ ಬದಲಾಯಿಸಿತು. ಹೊಸ ಟ್ರಸ್ಟಿನವರಿಗೆ ಬೇರೆ ಊರುಗಳಲ್ಲೂ ಆಸ್ಪತ್ರೆಗಳಿದ್ದವು. ಎಲ್ಲದರ ದಾಖಲೆಗಳನ್ನೂ ಕ್ಲೌಡಿಗೆ ಹಾಕುವುದೆಂದು ಅವರು ತೀರ್ಮಾನಿಸಿದರು.

"ಕ್ಲೌಡ್ ಅಂದ್ರ ಏನ್ರಿ ಸರ?" ರುಕ್ಮಾಬಾಯಿ ಕಿಂಡಿಯ ಬಳಿ ಬಂದು ಕೇಳಿದರು.

"ದೂರ ಒಂದ ಊರಾಗ ಇಂಥಾವ ಮಷೀನ್ ರಾಶಿ ಹಾಕಿರತಾರ್ರಿ. ಅದರಾಗ ನಮಗೊಂದಿಷ್ಟ ಜಾಗ. ಮಷೀನ್ ಕೆಟ್ರ ಅವರ ನೋಡ್ಕೋತಾರ, ಬ್ಯಾಕಪ್ ಅವರ ತಗೀತಾರ. ನಾವು ಮುಟ್ಟೂದ ಬ್ಯಾಡ."

"ಹಂಗಾರ ಈ ಖೋಲಿ?"

"ಖಾಲಿ ಮಾಡಿ ಸ್ಟೋರ್ ಮಾಡ್ತಾರಂತ."

"ಮತ್ತ ನೀವು?"

ನದಾಫರು ನನ್ನ ಬೆನ್ನ ಹಿಂದೆ ಅಂಗೈ ಹಿಡಿದು ನಿಂತಿದ್ದರು.

ಸಾಗಿಸುವ ಕೆಲಸಕ್ಕೆ ಹುಬ್ಬಳ್ಳಿಯ ಕಂಪನಿಯಿಂದ ತೇಜಸ್ವಿನಿ ಎಂಬ ಎಂಜಿನಿಯರ್ ಬಂದಳು. ಏಸಿಯ ಚಳಿಗೆ ಶಾಲು ಹೊದ್ದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಒಂದು ಆಸ್ಪತ್ರೆ ಮುಗಿಸಿ ಇನ್ನೊಂದಕ್ಕೆ, ಅದು ಮುಗಿಸಿ ಮತ್ತೊಂದಕ್ಕೆ ಹೋಗುತ್ತ ದಣಿದಿದ್ದಳು. ಆದರೆ ಕೆಲಸದಲ್ಲಿ ಅಸಡ್ಡೆಯಿರಲಿಲ್ಲ. ಎರಡೆರಡು ಸಲ ನೋಡುವ ಸ್ವಭಾವ. ನನ್ನೊಳಗೆ ಒಬ್ಬರೇ ರೋಗಿ ಹಲವು ಸಲ ಇರುವುದನ್ನು ಅವಳೇ ಕಂಡುಹಿಡಿದಳು.

"ಒಬ್ಬರಿಗೇ ಮೂರ ನಂಬರ್ ಅದಾವಲ್ರಿ ಸರ್."

"ಕಾರ್ಡ್ ಕಳಕೊಂಡ ಬರ್ತಾರ್ರಿ ಮೇಡಂ. ಹೊಸಾದ ಮಾಡಿಸ್ಕೊಂಡ ಹೋಗ್ತಾರ."

"ಹೊಸ ಕಡೆ ಹಂಗ ಒಯ್ಯೂದು ಬ್ಯಾಡ್ರಿ, ಕೂಡಿಸೋಣ. ಹೆಸರು, ಊರು, ಗಂಡನ್ನೋ ಅಪ್ಪನ್ನೋ ಹೆಸರು, ವಯಸ್ಸು ಸ್ವಲ್ಪ ಹಿಂದ ಮುಂದ. ನಾಕೂ ಹೊಂದಿದ್ರ ಒಬ್ಬರ ಅಂತ ಹಿಡಿಯೋಣೇನ್ರಿ?"

"ನಾಕೂ ಹೊಂದಿದ ಮ್ಯಾಲ ಇನ್ನೇನ್ರಿ. ಒಬ್ಬರ."

ಚುಕ್ಕಿಯ ಸಂಗತಿ ನದಾಫರಿಗೆ ತಿಳಿದಿರಲಿಲ್ಲ. ರುಕ್ಮಾಬಾಯಿಗೆ ಅದು ಹೇಳಬೇಕಾದ ಸಂಗತಿಯೆಂದು ಅನ್ನಿಸಿರಲಿಲ್ಲ. ತೇಜಸ್ವಿನಿ ಅಲ್ಲೊಂದು ಇಲ್ಲೊಂದು ತೆಗೆದು ಪರೀಕ್ಷಿಸಿದಳು. ಅವಳ ಕೈಗೆ ಸಿಕ್ಕವರೆಲ್ಲ ನಿಜವಾಗಿಯೂ ಒಬ್ಬರೇ ಆಗಿದ್ದರು. ಆಮೇಲೆ ನನ್ನನ್ನು ಕೇಳಿದಳು, ಯಾರು ಯಾರು ಒಂದೇ ಎಂದು.

ಬೆಣಚಮರಡಿಯ ದ್ಯಾಮವ್ವನಿಗೂ ಬೆಣಚಮರಡಿಯ ದ್ಯಾಮವ್ವನಿಗೂ ಹೆಸರು ಒಂದು, ಊರು ಒಂದು. ಇಬ್ಬರ ವಯಸ್ಸನ್ನೂ ರುಕ್ಮಾಬಾಯಿ ಮುಖ ನೋಡಿ ಅಂದಾಜಿನಲ್ಲಿ ಬರೆದಿದ್ದರು, ಅದೂ ಹತ್ತಿರ ಹತ್ತಿರ. ಉಳಿದದ್ದು ಚುಕ್ಕಿ. ಈ ಚುಕ್ಕಿ ಆ ಚುಕ್ಕಿಗೆ ಸಮವೇ ಎಂದು ಕೇಳಿದರೆ ಸಮ ಎನ್ನುವುದರ ಹೊರತು ಬೇರೆ ಉತ್ತರ ನನ್ನ ಬಳಿ ಇಲ್ಲ. ಕಿಂಡಿಯಲ್ಲಿ ಕೇಳಿಸಿಕೊಂಡದ್ದನ್ನು ಯಾರೂ ನನ್ನನ್ನು ಕೇಳಲಿಲ್ಲ.

ಒಂದು ಭಾನುವಾರ ಹೊರರೋಗಿಗಳಿಲ್ಲದ ಹೊತ್ತಿನಲ್ಲಿ ನನ್ನೊಳಗಿದ್ದುದೆಲ್ಲ ದೂರದ ಆ ಊರಿಗೆ ಹೋಯಿತು. ಹೋದರೂ ನನ್ನಲ್ಲಿ ಏನೂ ಕಡಿಮೆಯಾಗಲಿಲ್ಲ. ಇದು ವಿಚಿತ್ರ. ಮಗಳನ್ನು ಗಂಡನ ಮನೆಗೆ ಕಳಿಸಿದವರಿಗೆ ಮನೆಯಾದರೂ ಬರಿದಾಗುತ್ತದೆ. ನಾನು ತುಂಬಿಕೊಂಡೇ ಬೇಡವಾದೆ. ಕೂಡಿಸಿದ ಕಡೆಯಲ್ಲೆಲ್ಲ ಇತ್ತೀಚೆಗೆ ಬಂದು ಹೋದವರ ವಿವರ ನಿಲ್ಲಬೇಕು, ಹಳೆಯದು ಹೋಗಬೇಕು ಎಂಬುದು ನಿಯಮವಾಗಿತ್ತು. ಬಾಯಿಬಡುಕಿ ದ್ಯಾಮವ್ವ ಪ್ರತಿ ತಿಂಗಳು ಬಿಪಿ ಮಾತ್ರೆಗೆ ಬರುವವಳು. ಒಗ್ಗದ ಔಷಧ ಯಾವುದೆಂಬಲ್ಲಿ ಅವಳದು 'ಯಾವುದೂ ಇಲ್ಲ'. ಅದೇ ನಿಂತಿತು.

ತೇಜಸ್ವಿನಿ ನನ್ನನ್ನು ಓದಲು ಮಾತ್ರ ಬಿಟ್ಟು, ಬರೆದುಕೊಳ್ಳುವ ಅಧಿಕಾರ ತೆಗೆದಳು. ನಡುವೆ ಇಟ್ಟಿದ್ದ ಪ್ರತಿಗಳನ್ನೂ ಹಳೆಯ ಬ್ಯಾಕಪ್‌ಗಳನ್ನೂ ಒಪ್ಪಂದದಂತೆ ಅಳಿಸಿಹಾಕಿದರು. ಕೊನೆಗೆ ನನ್ನ ಡಿಸ್ಕುಗಳನ್ನೂ ಅಳಿಸಬೇಕೆಂದು ನದಾಫರಿಗೆ ಹೇಳಿ ಅವಳು ಹೊರಟಳು.

ಕರೆಂಟಿನದೊಂದು ಬಿಟ್ಟು ಉಳಿದ ತಂತಿಗಳನ್ನು ಕಿತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳದೆ ಹೇಳುವ ದಾರಿ ನನಗಿಲ್ಲ ಎಂದು ಮೊದಲೇ ಹೇಳಿದೆ. ಆ ದಿನಗಳಲ್ಲಿ ಅದರ ಭಾರ ಗೊತ್ತಾಯಿತು. ಒಬ್ಬಳ ಜೀವದ ಸಂಗತಿ ನನ್ನೊಳಗಿದೆ, ಅವಳು ಎಂದಾದರೂ ಒಂದು ದಿನ ಗಾಯ ಮಾಡಿಕೊಂಡು ಬರುತ್ತಾಳೆ, ಆ ಹೊತ್ತಿಗೆ ನಾನು ಇರುವುದಿಲ್ಲ. ಹುಬ್ಬಳ್ಳಿಯಿಂದ ಫೋನು ಬಂದಾಗಲೆಲ್ಲ ನದಾಫರು, "ನಾಳೆ ಅಳಸ್ತೀನ್ರಿ," ಎನ್ನುತ್ತಿದ್ದರು. ಬೆಳಿಗ್ಗೆ ಬಂದು ಬೆನ್ನ ಹಿಂದೆ ಅಂಗೈ ಹಿಡಿದು ಹೋಗುತ್ತಿದ್ದರು. ಅವರಿಗೇನೂ ಗೊತ್ತಿರಲಿಲ್ಲ. ಮನಸ್ಸು ಬರುತ್ತಿರಲಿಲ್ಲ, ಅಷ್ಟೆ.

ಕಡೆಗೊಂದು ಬೆಳಿಗ್ಗೆ ಅವರು ಪರದೆಯನ್ನೂ ಕೀಲಿಮಣೆಯನ್ನೂ ತಂದು ನನಗೆ ಜೋಡಿಸಿದರು. ಅಳಿಸುವ ಆಜ್ಞೆಯನ್ನು ಟೈಪು ಮಾಡತೊಡಗಿದರು. ಆಗ ಕಿಂಡಿಯ ಆಚೆ ರುಕ್ಮಾಬಾಯಿ ಹೆಸರು ಕೂಗಿದರು.

"ಬೆಣಚಮರಡಿ ದ್ಯಾಮವ್ವ."

ಎರಡು ಕಡೆಯಿಂದ "ಹಾಂ" ಎಂದು ಕೇಳಿಸಿತು.

"ಒಬ್ಬಾಕಿ ಬರ್ರಿ. ಇಬ್ಬರೂ ಎದ್ದರ ಹ್ಯಾಂಗ?"

"ನಾವು ಇಬ್ಬರೂ ಅದೀವಲ್ರಿ ಬಾಯಾರ," ಎಂದಳು ಬಾಯಿಬಡುಕಿ. "ಈಕಿ ಕಾಲಿಗೆ ಮೊಳಿ ನಟ್ಟು ಕೀವು ತುಂಬೈತಿ, ಡಾಕ್ಟರಿಗೆ ತೋರಿಸಿ ಕರಕೊಂಡ ಬಂದೀನಿ. ನಂದು ಬಿಪಿ ಗುಳಿಗಿ."

"ಇಲ್ಲೆ ಒಬ್ಬಾಕಿನ ಅದಾಳ."

"ಹಂಗಾರ ನಮ್ಮಿಬ್ಬರಾಗ ಒಬ್ಬಾಕಿ ಸತ್ತಿರಬೇಕ ನೋಡ್ರಿ. ಯಾರಂತ ಕಂಪ್ಯೂಟರಿಗೇ ಕೇಳ್ರಿ."

ಯಾರೋ ನಕ್ಕರು. ಅಷ್ಟರಲ್ಲಿ ನರ್ಸ್ ಗ್ರೇಸಿಯ ಚಪ್ಪಲಿಯ ಸದ್ದು ಬಂತು. "ಬಾಯಾರ, ಕಾಲ ಗಾಯದ ದ್ಯಾಮವ್ವಗ ಡಾಕ್ಟರ್ ಪೆನ್ಸಿಲಿನ್ ಬರದಾರ. ಕಂಪ್ಯೂಟರ್‌ನ್ಯಾಗ ಏನೂ ತ್ರಾಸಿಲ್ಲ ಅಂತ ತೋರಸ್ತೈತಿ. ಆಕಿನ್ನ ಕಳಸ್ರಿ, ಒಂದ ಹನಿ ಹಾಕಿ ನೋಡತೀನಿ."

"ತಡೀ ಸಿಸ್ಟರ್," ಎಂದರು ರುಕ್ಮಾಬಾಯಿ. ಅವರ ದನಿ ಬದಲಾಗಿತ್ತು. "ಆ ತೋರಸೂದು ಯಾವ ದ್ಯಾಮವ್ವಂದು? ನದಾಫ ಸರ, ಇಬ್ಬರು ಹೋಗಿ ಒಬ್ಬಾಕಿ ಆಗ್ಯಾಳ್ರಿ."

ನದಾಫರ ಬೆರಳು ನಿಂತಿತು. ಬರೆದ ಆಜ್ಞೆಯನ್ನು ಒಂದೊಂದೇ ಅಕ್ಷರವಾಗಿ ಹಿಂದಕ್ಕೆ ಅಳಿಸಿದರು. ಆಮೇಲೆ, ಎಷ್ಟೋ ದಿನಗಳ ಮೇಲೆ, ನನ್ನನ್ನು ಒಂದು ಪ್ರಶ್ನೆ ಕೇಳಿದರು. ಬೆಣಚಮರಡಿ, ದ್ಯಾಮವ್ವ.

ನಾನು ಇಬ್ಬರನ್ನೂ ಮುಂದಿಟ್ಟೆ. ಒಬ್ಬಳ ಹೆಸರಿನ ಕೆಳಗೆ ಕೆಂಪಕ್ಷರದ ಸಾಲು.

"ಸಿಸ್ಟರ್, ಸೂಜಿ ಬ್ಯಾಡ," ನದಾಫರು ಕಿಂಡಿಗೆ ಬಾಯಿಟ್ಟು ಹೇಳಿದರು. "ಇಬ್ಬರಾಗ ಒಬ್ಬಾಕಿಗೆ ಪೆನ್ಸಿಲಿನ್ ಆಗೂದಿಲ್ಲ. ಹನಿ ಹಾಕಿದ್ದಕ್ಕ ಉಸರ ನಿಂತಿತ್ತಂತ. ಯಾರಂತ ನೋಡಬೇಕು. ಗಂಡನ ಹೆಸರ ಕೇಳ್ರಿ, ಬಾಯಾರ."

"ನಿನಗ ಹಿಂದ ಸೂಜಿ ಮಾಡಿದಾಗ ಏನರ ಆಗಿತ್ತೇನವಾ?" ಎಂದು ರುಕ್ಮಾಬಾಯಿ ಕೇಳಿದರು.

"ನನಗ ಎಚ್ಚರಿದ್ದಿಲ್ರಿ," ಎಂದಳು ಕಾಲು ನೋವಿನವಳು. "ಅವರಿಗೆ ಗೊತ್ತಿತ್ತು."

"ಅವರ ಹೆಸರೇನು?"

ಸಾಲು ಸುಮ್ಮನಾಯಿತು. ಇನ್ನೊಬ್ಬ ದ್ಯಾಮವ್ವ ಬಾಯಿ ಹಾಕಲಿಲ್ಲ. ಅವಳು ಹೇಳಬಹುದಿತ್ತು. ಅದು ತನ್ನ ಗೆಳತಿ ಹೇಳಬೇಕಾದ ಹೆಸರು ಎಂದು ಅವಳಿಗೆ ಅನ್ನಿಸಿರಬೇಕು. ಸುಮ್ಮನಿದ್ದ ಆ ಹೊತ್ತಿನಲ್ಲಿ ನನ್ನ ಫ್ಯಾನಿನ ಗೊರಗೊರ ನನಗೇ ಕೇಳಿಸುತ್ತಿತ್ತು.

ಆಮೇಲೆ ದ್ಯಾಮವ್ವ ಹೆಸರು ಹೇಳಿದಳು. ಮೆಲ್ಲಗೆ, ಹೊಸದಾಗಿ ಕಲಿತ ಶಬ್ದದ ಹಾಗೆ, ನಡುವೆ ಒಮ್ಮೆ ನಿಂತು.

ನದಾಫರು ಆ ಹೆಸರನ್ನು ನನ್ನಲ್ಲಿ ಹುಡುಕಿದರು. ನನ್ನ ಬಳಿ ಅದು ಇರಲಿಲ್ಲ. ಎರಡು ಕಡೆಯೂ ಚುಕ್ಕಿಯನ್ನೇ ತೋರಿಸಿದೆ.

"ಇಲ್ಲೆ ಹೆಸರ ಇಲ್ರಿ ಬಾಯಾರ. ಬರೇ ಚುಕ್ಕಿ ಐತಿ."

"ಚುಕ್ಕಿ ನಾನ ಹಾಕ್ತಿದ್ನಿರಿ," ಎಂದರು ರುಕ್ಮಾಬಾಯಿ. "ಹೆಸರ ಹೇಳದವರಿಗೆಲ್ಲ."

ನದಾಫರು ಕೆಳಕ್ಕೆ ಓದುತ್ತ ಹೋದರು. "ಕೈ ಮುರದದ್ದು ಯಾರದ್ರಿ? ಮಗ್ಗದ ಕುಣಿಯಾಗ ಬಿದ್ದು?"

"ನಂದು," ಎಂದಳು ದ್ಯಾಮವ್ವ. ಬಳೆಯಿಲ್ಲದ ಕೈ ಕೌಂಟರಿನ ಕಟ್ಟೆಯ ಮೇಲೆ ಊರಿದ ಸದ್ದು ಬಂತು. ತೋರಿಸಿದಳೆಂದು ಕಾಣುತ್ತದೆ.

ಗ್ರೇಸಿಯ ಚಪ್ಪಲಿಯ ಸದ್ದು ಓಡುತ್ತ ಡಾಕ್ಟರ ಕೋಣೆಯ ಕಡೆ ಹೋಯಿತು. ಬೇರೆ ಔಷಧ ಬರೆಸಿ ತಂದಳು. ಸಾಲಿನಲ್ಲಿ ಮತ್ತೆ ಮಾತು ಶುರುವಾಯಿತು. ಆ ಗದ್ದಲದ ನಡುವೆ ದ್ಯಾಮವ್ವ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಹಂಗಾರ ನಾ ಸುಮ್ನ ಹೇಳಿದ್ನೇನ್ರಿ?"

"ಇಲ್ಲವಾ. ಈಗ ಬರಕೋತೀನಿ," ಎಂದರು ರುಕ್ಮಾಬಾಯಿ. ಅವರ ಬೆರಳುಗಳ ಸದ್ದು ಕೇಳಿಸಿತು. ಈ ಸಲ ಅದು ನನ್ನ ಕಡೆ ಬರಲಿಲ್ಲ. ದೂರದ ಆ ಊರಿಗೆ ಹೋಯಿತು.

ತೇಜಸ್ವಿನಿ ಮಾರನೆಯ ದಿನವೇ ಬಂದಳು. ಕೋಪ ಮಾಡಲಿಲ್ಲ, ಸಬೂಬು ಹೇಳಲಿಲ್ಲ. "ಇದನ್ನ ಅಳಿಸದ ಇದ್ದದ್ದು ಪುಣ್ಯ ಸರ್," ಎಂದು ನದಾಫರಿಗೆ ಹೇಳಿ ಶಾಲು ಹೊದ್ದು ಕುಳಿತಳು. ಚುಕ್ಕಿಯವರನ್ನೆಲ್ಲ ನನ್ನಿಂದ ಒಬ್ಬೊಬ್ಬರಾಗಿ ಕೇಳಿ ತೆಗೆದು, ಅಲ್ಲಿ ಮತ್ತೆ ಬೇರೆ ಬೇರೆ ಮಾಡಿದಳು. ಕೌಂಟರಿಗೆ ಬಂದ ಹೆಂಗಸರನ್ನು ರುಕ್ಮಾಬಾಯಿ ಮತ್ತೆ ಕೇಳತೊಡಗಿದರು. ಕೆಲವರು ಜೊತೆಗೆ ಬಂದವರಿಂದ ಹೇಳಿಸಿದರು. ಕೆಲವರು ನಕ್ಕರು. ಹೇಳದವರಿಗೆ ಹೊಸ ಕಡೆ ನಾಲ್ಕನೆಯ ಮನೆಯನ್ನು ಖಾಲಿ ಬಿಡಬಹುದೆಂದು ತೇಜಸ್ವಿನಿ ಏರ್ಪಾಡು ಮಾಡಿದಳು. ನದಾಫರನ್ನು ಕೆಲಸದಿಂದ ತೆಗೆಯಲಿಲ್ಲ. ಹೊಸ ಕಡೆ ಯಾರೊಡನೆ ಯಾರನ್ನು ಕೂಡಿಸಬೇಕಾದರೂ ಮೊದಲು ಅವರು ರುಕ್ಮಾಬಾಯಿಯನ್ನು ಕೇಳಿ ಒಪ್ಪಿಗೆ ಕೊಡಬೇಕು ಎಂದಾಯಿತು.

ಎಲ್ಲ ಮುಗಿದ ಮೇಲೆ ನನ್ನ ಸರದಿ ಬಂತು. ನದಾಫರು ಅಳಿಸಿದರು. ಅಳಿಸಿದ್ದು ಸಾಲದೆಂದು ಡಿಸ್ಕುಗಳನ್ನು ಹೊರಗೆಳೆದು, ಹಿತ್ತಲಲ್ಲಿ ಬಡಗಿಯಿಂದ ತೂತು ಕೊರೆಸಿದರು. ಆಗ ಅವರು ಅಲ್ಲಿ ನಿಲ್ಲಲಿಲ್ಲ.

ಈಗ ನಾನು ಮೆಟ್ಟಿಲ ಕೆಳಗೆ, ಕಾಲು ಮುರಿದ ಮಂಚಗಳ ಜೊತೆ ಇದ್ದೇನೆ. ಗುಜರಿಯವನು ಇನ್ನೂ ಬಂದಿಲ್ಲ. ಒಳಗೆ ಏನೂ ಇಲ್ಲ. ಯಾರ ಹೆಸರೂ, ಯಾರ ಊರೂ, ಯಾರ ಜ್ವರವೂ ಇಲ್ಲ. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿದ ಮೇಲೆ ಹಗುರವಾಗಬೇಕಿತ್ತು. ದಣಿವು ಮಾತ್ರ ಹಾಗೇ ಇದೆ. ದಣಿವಿಗೆ ಡಿಸ್ಕು ಬೇಕಿಲ್ಲವೆಂದು ತೋರುತ್ತದೆ.

ತಂತಿಯಲ್ಲಿ ಬಂದದ್ದೆಲ್ಲ ತೂತಿನಲ್ಲಿ ಹೋಯಿತು. ಕಿಂಡಿಯಲ್ಲಿ ಬಂದದ್ದು ಎಲ್ಲಿ ಉಳಿಯಿತೋ ನನಗೂ ತಿಳಿಯದು. ದ್ಯಾಮವ್ವ ಆ ಹೆಸರು ಹೇಳಿದ ಹೊತ್ತಿನಲ್ಲಿ ಬರೆದುಕೊಳ್ಳುವ ಅಧಿಕಾರ ನನಗಿರಲಿಲ್ಲ. ಆದರೂ ಅದು ನನ್ನಲ್ಲಿದೆ, ನಡುವೆ ಅವಳು ನಿಂತ ಜಾಗದ ಸಮೇತ. ಯಾರಾದರೂ ಕೇಳಿದರೆ ನಾನೂ ಅದನ್ನು ಹೇಳುವುದಿಲ್ಲ.